ಹಿತ್ತಲ ಬಾಗಿಲ ಗಿರಾಕಿಗಳು

"ಹೂವಿನ ಅಲಂಕಾರ ಬೇಡ ಅಂದ್ರೆ ಎಷ್ಟು ಕಮ್ಮಿ ಮಾಡ್ತೀರಿ?"

ವ್ಯಾನಿನವನು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದ, ಯೋಚನೆ ಮಾಡುವವನ ಹಾಗೆ ಗೇಟಿನ ಕಡೆ ನೋಡಿದ, ಪೆನ್ನನ್ನು ಮತ್ತೆ ಅಲ್ಲೇ ಸಿಕ್ಕಿಸಿದ. "ಹೂವಿಲ್ದಿದ್ರೆ ಗಾಡಿ ಖಾಲಿ ಖಾಲಿ ಕಾಣುತ್ತಮ್ಮಾ."

"ಒಳಗೆ ನಮ್ಮಕ್ಕ ಇರ್ತಾಳಲ್ಲ, ಖಾಲಿ ಹೇಗಾಗುತ್ತೆ?"

ಅವನು ಬೆಲೆ ಇಳಿಸಿದ. ತಂಗಿ ಬೆಳಕು ಹರಿದಾಗಿನಿಂದ ಇದೇ ಕೆಲಸದಲ್ಲಿದ್ದಳು. ಐಸ್ ಪೆಟ್ಟಿಗೆಗೆ ದಿನದ ಬಾಡಿಗೆ, ರಾತ್ರಿ ತಂದದ್ದಕ್ಕೆ ಮೇಲೊಂದಿಷ್ಟು. ಕುರ್ಚಿಗಳಿಗೆ ಬೇರೆ, ಅವನ್ನು ಇಳಿಸಿದ್ದಕ್ಕೆ ಬೇರೆ. ಸಾವಿನ ಮನೆಯವರು ಚೌಕಾಸಿ ಮಾಡುವುದಿಲ್ಲ ಎಂಬ ಧೈರ್ಯದಲ್ಲಿ ಎಲ್ಲರೂ ಬಾಯಿಗೆ ಬಂದ ಬೆಲೆ ಹೇಳುತ್ತಿದ್ದರು. ಆದರೆ ಅವಳು ಇಷ್ಟು ವರ್ಷ ಬಟ್ಟೆ ಹೊಲಿದು ಬದುಕಿದವಳು. ಅಳುವುದಕ್ಕೆ ಮುಂದೆ ಬೇಕಾದಷ್ಟು ದಿನಗಳಿವೆ, ಚೌಕಾಸಿಗೆ ಇದೊಂದೇ ಹೊತ್ತು ಎಂದು ಅವಳಿಗೆ ಗೊತ್ತಿತ್ತು.

"ಇನ್ನೊಂದು ಮಾತು. ಗಾಡಿ ಹನ್ನೊಂದಕ್ಕಿಂತ ಮುಂಚೆ ಬರಬಾರದು."

"ಸ್ವಲ್ಪ ಬೇಗ ಹೊರಟರೆ ರಸ್ತೆ ಖಾಲಿ ಇರುತ್ತೆ."

"ಆಗಲ್ಲ. ಬೆಳಿಗ್ಗೆ ಮನೇಲಿ ಕೆಲಸ ಇದೆ."

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅಣ್ಣ ಮುಂದೆ ಬಂದ. ಬೇರೆ ಊರಿನಿಂದ ರಾತ್ರಿಯ ರೈಲು ಹಿಡಿದು ಈಗಷ್ಟೇ ಬಂದಿದ್ದ. ಅಂಗಿಯ ಬೆನ್ನೆಲ್ಲ ಸುಕ್ಕಾಗಿತ್ತು. "ಸಾವಿನ ಮನೇಲಿ ಇನ್ಯಾವ ಕೆಲಸ ಇರುತ್ತೆ?"

ತಂಗಿ ಉತ್ತರ ಕೊಡಬೇಕಾಗಲಿಲ್ಲ. ಗೇಟು ತೆರೆದುಕೊಂಡು ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಬಟ್ಟೆಯ ಚೀಲ. ಮುಂಬಾಗಿಲ ಕಡೆ ನೋಡಿ ಒಂದು ಕ್ಷಣ ಕೈಮುಗಿದಳು, ಆಮೇಲೆ ಗೋಡೆಯ ಪಕ್ಕದ ಕಿರುದಾರಿಯಲ್ಲಿ ಹಿತ್ತಲಿಗೆ ಹೋದಳು. ಅವಳ ಹಿಂದೆ ಒಬ್ಬ ಮುದುಕ, ಅವನ ಕೈಯಲ್ಲೂ ಚೀಲ. ಅವನ ಹಿಂದೆ ಕಾಲೇಜು ಹುಡುಗಿಯೊಬ್ಬಳು.

"ಇವರೆಲ್ಲ ಯಾರು?" ಎಂದ ಅಣ್ಣ.

"ನನ್ನ ಗಿರಾಕಿಗಳು."

"ಸಾವಿನ ಮನೆಗೂ ಬಟ್ಟೆ ಹಿಡ್ಕೊಂಡು ಬರ್ತಾರಾ? ಅಷ್ಟು ಚೆನ್ನಾಗಿ ಹೊಲೀತೀಯಾ ನೀನು?"

"ನಿನಗೆ ಹೊಲಿದುಕೊಟ್ಟ ಪೈಜಾಮ ಇನ್ನೂ ಇದೆಯಾ ಇಲ್ವಾ?"

"ಅದರ ಲಾಡಿ ಮೊದಲನೇ ದಿನಾನೇ ಒಳಗೆ ಹೋಯ್ತು, ಇನ್ನೂ ಈಚೆ ಬಂದಿಲ್ಲ," ಎಂದ ಅಣ್ಣ. ಇಬ್ಬರೂ ನಗಲಿಲ್ಲ, ಆದರೆ ನಕ್ಕ ಹಾಗಾಯಿತು. ಒಳಗೆ ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಮಾಡಿದ ಜಾಗದಲ್ಲಿ, ಗಾಜಿನ ಮುಚ್ಚಳದ ಕೆಳಗೆ, ಅಕ್ಕ ಮಲಗಿದ್ದಳು. ನಿನ್ನೆ ಸಂಜೆ ಮನೆಗೆ ಬಂದು, ಚಪ್ಪಲಿ ಬಿಚ್ಚಲೆಂದು ಬಗ್ಗಿದವಳು ಮತ್ತೆ ಮೇಲೇಳಲಿಲ್ಲ. ಒಂದು ಚಪ್ಪಲಿ ಕಾಲಲ್ಲೇ ಇತ್ತು.

ತಂಗಿ ಅಡುಗೆಮನೆ ದಾಟಿ ಹಿತ್ತಲ ಬಾಗಿಲ ತನಕ ಹೋಗಿ ನಿಂತಳು. ಅದರಾಚೆಯ ಕೋಣೆಗೆ ಅವಳು ಎಂದೂ ಕಾಲಿಟ್ಟವಳಲ್ಲ. ಅಲ್ಲಿ ಅಕ್ಕ ಡಾಕ್ಟರಾಗಿದ್ದ ಸಂಶೋಧನಾಲಯದ ನರ್ಸು, ಸಿಸ್ಟರು, ಒಬ್ಬೊಬ್ಬರನ್ನೇ ಕರೆದು ಬೆಂಚಿನ ಮೇಲೆ ಕೂರಿಸಿ, ಅಂಗೈಗೆ ಮಾತ್ರೆ ಹಾಕಿ, ನೀರಿನ ಲೋಟ ಕೊಡುತ್ತಿದ್ದರು. ಸಿಸ್ಟರ ಕಣ್ಣು ಊದಿಕೊಂಡಿತ್ತು. ಕೈ ಮಾತ್ರ ಎಂದಿನ ಹಾಗೇ ನಡೆಯುತ್ತಿತ್ತು.

"ಎಲ್ಲರೂ ಬಂದ್ರಾ?" ಎಂದು ತಂಗಿ ಹೊಸ್ತಿಲ ಈಚೆಯಿಂದಲೇ ಕೇಳಿದಳು.

"ಲೈನ್‌ಮನ್ ಒಬ್ಬ ಬಂದಿಲ್ಲ. ಅವನು ದಿನಾ ಎಲ್ಲರಿಗಿಂತ ಮೊದಲು ಬರೋನು." ಸಿಸ್ಟರು ತಲೆ ಎತ್ತಲಿಲ್ಲ. "ಫೋನೂ ಆಫ್ ಮಾಡಿದ್ದಾನೆ."

*

ಕ್ಷಯಕ್ಕೆ ಎಷ್ಟು ತಿಂಗಳು ಮಾತ್ರೆ ತಿಂದರೆ ಸಾಕು? ಅಕ್ಕ ತನ್ನ ಆಯಸ್ಸನ್ನೆಲ್ಲ ಕಳೆದದ್ದು ಈ ಒಂದು ಪ್ರಶ್ನೆಯ ಹಿಂದೆ. ಆರು ತಿಂಗಳು ಬೇಕು ಎನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಆರು ತಿಂಗಳು ಯಾರು ತಿನ್ನುತ್ತಾರೆ? ಎರಡನೇ ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೂರನೆಯದಕ್ಕೆ ಮೈ ತುಂಬಿಕೊಳ್ಳುತ್ತದೆ. ಆಮೇಲೆ ಉಳಿಯುವುದು ವಾಕರಿಕೆ, ಕೀಲುನೋವು ಮತ್ತು ಕಿತ್ತಳೆ ಬಣ್ಣದ ಮೂತ್ರ ಮಾತ್ರ. ಮಾತ್ರೆ ಬಿಡುತ್ತಾರೆ. ಬಿಟ್ಟವರಲ್ಲಿ ರೋಗ ಮತ್ತೆ ತಲೆ ಎತ್ತಿದರೆ, ಈ ಸಲ ಮಾತ್ರೆಗೇ ಬಗ್ಗದ ಹಾಗೆ ಗಟ್ಟಿಯಾಗಿರಬಹುದು.

ಜೊತೆಗೆ ಸಂಶೋಧನಾಲಯದ ಕಿಟಕಿ. ಮಾತ್ರೆ ಕೊಡುತ್ತಿದ್ದ ಆ ಕಿಟಕಿ ರಸ್ತೆಗೇ ತೆರೆದುಕೊಂಡಿತ್ತು. ಅಲ್ಲಿ ಸಾಲು ನಿಂತವರು ಏಕೆ ನಿಂತಿದ್ದಾರೆಂದು ಬಸ್ಸಿನಲ್ಲಿ ಹೋಗುವವರಿಗೂ ಗೊತ್ತಾಗುತ್ತಿತ್ತು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳನ್ನು ಆ ಸಾಲಿನಲ್ಲಿ ಅವಳ ನಾದಿನಿ ನೋಡಿದಳು. ಮರುದಿನದಿಂದ ಆ ಹುಡುಗಿ ಬರಲಿಲ್ಲ. ಅಕ್ಕ ಹುಡುಕಿಕೊಂಡು ಹೋದಾಗ ಗಂಡನ ಮನೆಯವರು, ತವರಿಗೆ ಕಳಿಸಿದ್ದೇವೆ ಎಂದರು. ತವರಿನಲ್ಲಿ, ಇಲ್ಲಿಗೆ ಬಂದೇ ಇಲ್ಲ ಎಂದರು.

ಆ ದಿನ ಮನೆಗೆ ಬಂದ ಅಕ್ಕ ಕೈಕಾಲು ತೊಳೆಯದೆ ತಂಗಿಯ ಯಂತ್ರದ ಎದುರು ಕೂತಳು.

"ನಿನ್ನ ಬೋರ್ಡು ನನಗೆ ಬೇಕು."

"ಯಾವ ಬೋರ್ಡು?"

"ಗೇಟಿಗೆ ಹಾಕಿದ್ದೀಯಲ್ಲ, 'ಇಲ್ಲಿ ಬಟ್ಟೆ ಹೊಲಿದುಕೊಡಲಾಗುವುದು' ಅಂತ. ನನ್ನ ಜನ ಇನ್ನು ಮೇಲೆ ಬಟ್ಟೆ ಹೊಲಿಸೋಕೆ ಬರ್ತಾರೆ. ಹಿತ್ತಲ ಕಡೆಯಿಂದ."

ತಂಗಿ ಕಾಲಡಿಯ ಪೆಡಲು ನಿಲ್ಲಿಸಿದಳು. "ಇದು ಮನೆಯೋ ಆಸ್ಪತ್ರೆಯೋ? ಆ ಕೆಮ್ಮೋರೆಲ್ಲ ನನ್ನ ಅಡುಗೆಮನೆ ಪಕ್ಕ ಬಂದು ಕೂರ್ತಾರಾ?"

"ಎರಡು ವಾರ ಸರಿಯಾಗಿ ಮಾತ್ರೆ ತಿಂದವನಿಗೆ ಹೆದರಬೇಡ. ಬಸ್ಸಲ್ಲಿ ನಿನ್ನ ಪಕ್ಕ ಕೂತು ಕೆಮ್ಮೋನಿಗೆ ಹೆದರು. ಅವನು ಇನ್ನೂ ಡಾಕ್ಟರ ಹತ್ರ ಹೋಗಿಲ್ಲ."

"ನಿನ್ನ ಉಪನ್ಯಾಸ ಬೇಡ. ನಾನು ಆ ಕೋಣೆಗೆ ಬರಲ್ಲ."

"ಬರಬೇಡ. ಬೋರ್ಡು ಕೊಡು ಸಾಕು."

ಅಕ್ಕ ಹಿತ್ತಲ ಕೋಣೆಯ ಕಿಟಕಿಗಳ ಬಾಗಿಲನ್ನೆಲ್ಲ ಬಿಚ್ಚಿಸಿದಳು, ಗಾಳಿ ಆಡಲಿ ಎಂದು. ಸಂಶೋಧನಾಲಯದವರಿಂದ ಒಪ್ಪಿಗೆ ಪಡೆಯಲು ಒಂದು ಮಳೆಗಾಲವೇ ಬೇಕಾಯಿತು. ಅಷ್ಟರಲ್ಲಿ ತಂಗಿಗೂ ಜಗಳ ಆಡಿ ಸಾಕಾಗಿತ್ತು. ಆದರೂ ದಿನಾ ಬೆಳಿಗ್ಗೆ ಆ ಜನ ಬರುವ ಹೊತ್ತಿಗೆ ಅವಳು ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಬಾಗಿಲ ಸದ್ದು ಆಚೆಗೆ ಕೇಳಿಸಲಿ ಎಂದೇ ಸ್ವಲ್ಪ ಜೋರಾಗಿ.

*

ಸಂಶೋಧನಾಲಯದ ನಿರ್ದೇಶಕರು ಒಂಬತ್ತೂವರೆಗೆ ಬಂದರು. ಅಕ್ಕನಿಗಿಂತ ಚಿಕ್ಕ ವಯಸ್ಸು. ಇಬ್ಬರು ಹೊತ್ತು ತರಬೇಕಾದಂಥ ಹೂಮಾಲೆ, ಹಿಂದೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ. ಅಕ್ಕನ ಎದುರು ನಿಂತಾಗ ಅವರ ಮುಖ ನಿಜವಾಗಿಯೂ ಇಳಿದುಹೋಯಿತು. ತಂಗಿ ಅದನ್ನು ನೋಡಿದಳು. ಕೆಟ್ಟ ಮನುಷ್ಯನಲ್ಲ ಅಂದುಕೊಂಡಳು.

"ಮೇಡಮ್ಮು ನನಗೆ ಕೆಲಸ ಕಲಿಸಿದೋರು," ಎಂದರು. "ಒಂದು ಸಲ ನಾನು ಬರೆದ ವರದೀಲಿ 'ಬಹುಶಃ' ಅನ್ನೋ ಪದ ಎಷ್ಟು ಸಲ ಬಂದಿದೆ ಅಂತ ಕೆಂಪು ಶಾಯೀಲಿ ಸುತ್ತು ಹಾಕಿ ವಾಪಸ್ಸು ಕಳಿಸಿದ್ರು. ಪುಟ ಎಲ್ಲ ಗಾಯ ಆದಂಗಿತ್ತು."

"ಮನೇಲೂ ಹಂಗೇ," ಎಂದ ಅಣ್ಣ. "ನಾನು 'ಬರ್ತೀನಿ, ನೋಡೋಣ' ಅಂದ್ರೆ, 'ಬರ್ತೀಯೋ ನೋಡ್ತೀಯೋ, ಒಂದು ಹೇಳು' ಅನ್ನೋಳು."

ನಿರ್ದೇಶಕರು ಮುಗುಳ್ನಕ್ಕು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಅವರ ಕಣ್ಣು ಅಡುಗೆಮನೆಯ ಆಚೆಗೆ, ಹಿತ್ತಲ ಜಗುಲಿಯಲ್ಲಿ ಚೀಲ ಹಿಡಿದು ಸಾಲಾಗಿ ಕೂತಿದ್ದವರ ಮೇಲೆ ಬಿತ್ತು. ಮಾತ್ರೆ ನುಂಗಿದ ಮೇಲೂ ಯಾರೂ ಎದ್ದುಹೋಗಿರಲಿಲ್ಲ.

"ಇವರೆಲ್ಲ ಮೇಡಮ್ ಹತ್ರ ಔಷಧಿ ತಗೊಳ್ಳೋರಲ್ವಾ? ಎಷ್ಟು ಒಳ್ಳೇದಾಯ್ತು. ಎಲ್ಲರೂ ಬಂದು ಮೇಡಮ್ ಪಕ್ಕ ನಿಂತ್ಕೊಳ್ಳಲಿ. ಒಂದು ಫೋಟೋ. ನಾಳೆ ಪೇಪರಿಗೂ ಕೊಡೋಣ. ಅವರ ಕೆಲಸ ಏನು ಅಂತ ಜನಕ್ಕೆ ಗೊತ್ತಾಗಬೇಕು."

ಕ್ಯಾಮೆರಾದವನು ಆಗಲೇ ಹಿತ್ತಲ ಕಡೆ ಹೆಜ್ಜೆ ಇಟ್ಟಿದ್ದ. ಜಗುಲಿಯಲ್ಲಿ ಕಾಲೇಜು ಹುಡುಗಿ ಚೀಲವನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡಳು. ಮುಂಬಾಗಿಲಲ್ಲಿ ಬೀದಿಯ ಜನ ತುಂಬಿದ್ದರು. ಎದುರು ಮನೆಯವರು, ಅಂಗಡಿಯವರು, ಆ ಹುಡುಗಿ ಓದುವ ಕಾಲೇಜಿನ ಗುಮಾಸ್ತೆ.

ತಂಗಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಅವರು ನನ್ನ ಗಿರಾಕಿಗಳು ಸಾರ್."

"ಎಲ್ಲರೂನಾ?"

"ಎಲ್ಲರೂ. ಹೊರಗಡೆ ಬೋರ್ಡು ನೋಡ್ಲಿಲ್ವಾ ನೀವು?"

ನಿರ್ದೇಶಕರು ಅವಳ ಭುಜದ ಮೇಲಿಂದ ಇಣುಕಿ, ಹತ್ತಿರದಲ್ಲಿದ್ದ ಮುದುಕನನ್ನು ನೋಡಿದರು. "ಯಜಮಾನ್ರೇ, ನೀವು?"

ಮುದುಕ ಎದ್ದು ನಿಂತ. ಚೀಲ ನೋಡಿಕೊಂಡ. "ಬ್ಲೌಸು, ಸಾರ್," ಎಂದ.

ಯಾರೋ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು. ತಂಗಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಅವರ ಮನೆಯವರದ್ದು. ತೋಳು ಬಿಗಿ ಆಗಿದೆಯಂತೆ, ಬಿಚ್ಚಿ ಕೊಡ್ತೀನಿ ಅಂದಿದ್ದೆ."

ನಿರ್ದೇಶಕರು ಅವಳನ್ನು ಒಂದು ಗಳಿಗೆ ನೋಡಿದರು. ಅವರಿಗೆ ಅರ್ಥವಾಯಿತು. "ಕ್ಯಾಮೆರಾ ಒಳಗಿಡಪ್ಪಾ," ಎಂದು ಹಿಂದಿದ್ದವನಿಗೆ ಹೇಳಿ, ಹೋಗಿ ಕುರ್ಚಿಯಲ್ಲಿ ಕೂತರು.

ಅಣ್ಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ. "ಈಗಲಾದ್ರೂ ಹೇಳು. ಇವರಲ್ಲಿ ಯಾರಿಗಾದ್ರೂ ನೀನು ಬಟ್ಟೆ ಹೊಲಿದಿದ್ದೀಯಾ?"

"ಇಲ್ಲ," ಎಂದಳು ತಂಗಿ. "ಮಾತೂ ಆಡಿಸಿಲ್ಲ."

*

ನಾಲ್ಕು ತಿಂಗಳು ಸಾಕೇ ಎಂದು ಅಕ್ಕ ಪರೀಕ್ಷೆ ಮಾಡಿದ್ದಳು. ಕೆಲವರಿಗೆ ಎಂದಿನ ಆರು ತಿಂಗಳು, ಕೆಲವರಿಗೆ ನಾಲ್ಕೇ ತಿಂಗಳು ಮಾತ್ರೆ. ಎಲ್ಲರಿಗೂ ಮೊದಲೇ ಕೂರಿಸಿ ಹೇಳಿದ್ದಳು, ಇದು ಪರೀಕ್ಷೆ, ಗೆಲ್ಲಬಹುದು, ಸೋಲಬಹುದು ಎಂದು. ಜನ ತಲೆಯಾಡಿಸಿದ್ದರು. ಗೆಲ್ಲಬಹುದು ಎನ್ನುವುದನ್ನು ಮಾತ್ರ ಕೇಳಿಸಿಕೊಂಡಿದ್ದರು.

ಸೋತಿತು. ನಾಲ್ಕು ತಿಂಗಳಿನವರಲ್ಲಿ ಹಲವರಿಗೆ ಕೆಮ್ಮು ತಿರುಗಿ ಬಂತು. ಇನ್ನೊಂದು ವರ್ಷ ಕಾಯೋಣ, ಇನ್ನಷ್ಟು ಜನರನ್ನು ಸೇರಿಸಿಕೊಂಡರೆ ಲೆಕ್ಕ ಬದಲಾಗಬಹುದು ಎಂದು ಜೊತೆಯವರು ಹೇಳಿದರು. ಅಕ್ಕ ಒಪ್ಪಲಿಲ್ಲ. ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು, ನಾಲ್ಕು ತಿಂಗಳು ಸಾಲದು ಎಂದು ಬರೆದು ಕಳಿಸಿದಳು. ಅಲ್ಲಿಗೆ ಧನಸಹಾಯ ನಿಂತಿತು. ಅವಳಿಗೆ ಬರಬೇಕಾಗಿದ್ದ ದೊಡ್ಡ ಹುದ್ದೆ ಇನ್ನೊಬ್ಬರಿಗೆ ಹೋಯಿತು.

"ಇಷ್ಟು ವರ್ಷ ಒದ್ದಾಡಿ ಏನು ಸಿಕ್ಕಿತು ನಿನಗೆ?" ಎಂದು ತಂಗಿ ಅವತ್ತು ಕೇಳಿದ್ದಳು. ಚುಚ್ಚಬೇಕೆಂದೇ ಕೇಳಿದ್ದಳು.

"ಈ ಮಾತ್ರೆ ನಾಲ್ಕು ತಿಂಗಳು ತಿಂದರೆ ಸಾಲದು ಅಂತ ಸಿಕ್ಕಿತು. ಇನ್ಯಾರೂ ಇದನ್ನ ಇನ್ನೊಬ್ಬರ ಮೈಮೇಲೆ ಮಾಡಿ ನೋಡಬೇಕಾಗಿಲ್ಲ."

"ಯಾರ ಮೈಮೇಲೆ ಮಾಡಿದೆಯೋ ಅವರು?"

ಅಕ್ಕ ಕನ್ನಡಕ ತೆಗೆದು ಒರೆಸಿದಳು. "ಅವರ ಮನೆಗಳಿಗೆ ಹೋಗಬೇಕು. ನಾನೇ ಹೋಗಿ ಹೇಳಬೇಕು."

ಹೋದಳು. ಕೆಲವರು ಅತ್ತರು, ಕೆಲವರು ಟೀ ಕೊಟ್ಟರು. ವಿದ್ಯುತ್ ಕಂಬ ಹತ್ತುವ ಲೈನ್‌ಮನ್ ಮಾತ್ರ ಅವಳ ಮುಖದ ಮೇಲೆ ಬಾಗಿಲು ಹಾಕಿದ. ಅವನು ಒಂದು ದಿನವೂ ತಪ್ಪಿಸದೆ ಮಾತ್ರೆ ತಿಂದವನು. ಮನೆಯಲ್ಲಿ ಎರಡು ವರ್ಷದ ಮಗಳಿದ್ದಳು.

"ಬಾಗಿಲು ಹಾಕಿದ," ಎಂದಳು ಅಕ್ಕ ರಾತ್ರಿ ಅನ್ನ ಕಲಸುತ್ತಾ.

"ಹಾಕದೆ ಇನ್ನೇನು? ಮತ್ತೆ ಹೋಗ್ತೀಯಾ?"

"ನಾಳೆ ಅವನಿಗೆ ರಜೆ. ಮನೇಲೇ ಇರ್ತಾನೆ."

ಎಷ್ಟು ಸಲ ಹೋದಳೋ ತಂಗಿಗೆ ಗೊತ್ತಿಲ್ಲ. ಒಂದು ದಿನ ಬೆಳಿಗ್ಗೆ, ಬೇರೆ ಯಾರೂ ಬರುವ ಮುಂಚೆ, ಸೊಂಟಕ್ಕೆ ಹತಾರದ ಪಟ್ಟಿ ಕಟ್ಟಿಕೊಂಡ ಎತ್ತರದ ಆಳೊಬ್ಬ ಹಿತ್ತಲಲ್ಲಿ ನಿಂತಿದ್ದ. ಅವನು ಅಕ್ಕನ ಜೊತೆ ಮಾತಾಡುತ್ತಿರಲಿಲ್ಲ. ಕೈ ಚಾಚುತ್ತಿದ್ದ, ನುಂಗುತ್ತಿದ್ದ, ಹೋಗುತ್ತಿದ್ದ. ಅಕ್ಕನಿಗೆ ಅಷ್ಟು ಸಾಕಾಗಿತ್ತು. ಅವಳಿಗೆ ಈಗ ಹೊಸ ಪ್ರಶ್ನೆಯೊಂದು ಹುಟ್ಟಿತ್ತು. ನಾಲ್ಕು ತಿಂಗಳು ಯಾರ ಪಾಲಿಗೆ ಸೋತಿತೋ, ಅವರು ಅದೇ ಮಾತ್ರೆಯನ್ನು ಮೊದಲಿನಿಂದ ಆರು ತಿಂಗಳು ತಿಂದರೆ ಪೂರ್ತಿ ವಾಸಿಯಾಗುತ್ತಾರೆಯೇ? ಹಿತ್ತಲಿಗೆ ಬರುವ ಕೆಲವೇ ಜನರಲ್ಲಿ ಅದಕ್ಕೆ ಉತ್ತರವಿತ್ತು. ಅವರು ವಾಸಿಯಾದರೆ ಅವಳು ಮಾಡಿದ ತಪ್ಪು ತಿದ್ದಬಹುದಾದ ತಪ್ಪು. ಇಲ್ಲದಿದ್ದರೆ ಅಲ್ಲ.

*

ಹನ್ನೊಂದಕ್ಕೆ ಸರಿಯಾಗಿ ವ್ಯಾನು ಗೇಟಿಗೆ ಬಂತು. ಲೈನ್‌ಮನ್ ಬಂದಿರಲಿಲ್ಲ.

ಹಿತ್ತಲಲ್ಲಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು, ಚೀಲವನ್ನು ಕಾಲ ಬುಡದಲ್ಲಿಟ್ಟು, ಅಕ್ಕನಿಗೆ ಕೈಮುಗಿದು, ಚೀಲ ಎತ್ತಿಕೊಂಡು ಹೋದರು. ಹೋಗುವಾಗ ತಂಗಿಯ ಹತ್ತಿರ ನಿಂತು "ಹಾಗಾದ್ರೆ ನಾಳೆ ಬರ್ತೀವಿ, ಹೊಲಿಗೆ ಅಮ್ಮ" ಎಂದರು. ಬೀದಿಯ ಜನರಿಗೆ ಕೇಳಿಸುವಷ್ಟು ಗಟ್ಟಿಯಾಗಿ. ನಾಳೆ ಬಂದರೆ ಯಾರು ಇರುತ್ತಾರೆ ಎನ್ನುವುದು ಆ ಮಾತಿನೊಳಗಿದ್ದ ಪ್ರಶ್ನೆ.

"ಬನ್ನಿ," ಎಂದಳು ತಂಗಿ ಪ್ರತಿಯೊಬ್ಬರಿಗೂ.

ಸಿಸ್ಟರು ಕೊನೆಗೆ ಬಂದರು, ಕೈಯಲ್ಲಿ ಒಂದು ಚಿಕ್ಕ ಕಾಗದದ ಪೊಟ್ಟಣ. "ಅಮ್ಮಾ, ನೀವೆಲ್ಲ ಹೊರಡಿ. ನಾನಿಲ್ಲೇ ಕೂತಿರ್ತೀನಿ. ಅವನು ಇವತ್ತು ಬಂದಿಲ್ಲ ಅಂದ್ರೆ ಬಿಟ್ಟ ಅಂತಾನೇ ಲೆಕ್ಕ. ಡಾಕ್ಟ್ರಮ್ಮ ಹೋದ್ರು ಅಂತ ಕೇಳಿದ್ದಾನೆ. ಒಂದು ದಿನ ತಪ್ಪಿದ್ರೆ ಏನೂ ಆಗಲ್ಲ. ಆದ್ರೆ ಅವನಂಥವನು ಒಂದೇ ದಿನ ಅಂತ ತಪ್ಪಿಸಲ್ಲ, ಬಿಟ್ರೆ ಪೂರ್ತಿ ಬಿಡ್ತಾನೆ. ರೋಗ ಮೂರನೇ ಸಲ ಬಂದ್ರೆ ಈ ಮಾತ್ರೆಗಳು ನಾಟೋದು ಕಷ್ಟ. ಆ ಮಗು ಬೇರೆ ಮನೇಲಿ."

ತಂಗಿ ಅವರ ಮುಖ ನೋಡಿದಳು. ಈ ಹೆಂಗಸು ಅಕ್ಕನ ಜೊತೆ ಬಿಸಿಲಲ್ಲಿ ಬೀದಿ ಬೀದಿ ಅಲೆದವಳು, ಅವಳ ಜೊತೆ ಬಾಗಿಲು ಹಾಕಿಸಿಕೊಂಡವಳು. ರಾತ್ರಿ ಸುದ್ದಿ ಕೇಳಿ ಬಂದವಳು ಒಂದು ಗಳಿಗೆಯೂ ಅಕ್ಕನ ಪಕ್ಕ ಕೂತಿರಲಿಲ್ಲ. ಬೆಳಗಿನ ಮಾತ್ರೆ ಎಣಿಸಲು ಹೋಗಿದ್ದಳು.

"ಪೊಟ್ಟಣ ಇಲ್ಲಿ ಕೊಡಿ," ಎಂದಳು.

"ಅಮ್ಮಾ?"

"ಕೊಡಿ ಸಿಸ್ಟರ್. ನಾನು ಕೂರ್ತೀನಿ. ನೀವು ಹೋಗಿ."

"ನೀವು ಒಡಹುಟ್ಟಿದೋರು. ನೀವಿಲ್ದೆ ಹೇಗೆ?"

"ನಾನು ಅವಳ ಜೊತೆ ಈ ಆಯಸ್ಸಿಗಾಗೋಷ್ಟು ಜಗಳ ಆಡಿದ್ದೀನಿ. ನೀವು ಅವಳ ಜೊತೆ ಕೆಲಸ ಮಾಡಿದ್ದೀರಿ. ಕಳಿಸಿ ಬರೋ ಹಕ್ಕು ನಿಮ್ಮದು. ಹೇಗೆ ಕೊಡಬೇಕು ಹೇಳಿ."

ಸಿಸ್ಟರು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು. ಹೊಟ್ಟೆ ಖಾಲಿ ಇರಬೇಕು, ಏನಾದರೂ ತಿಂದಿದ್ದರೆ ಎರಡು ಗಂಟೆ ಕೂರಿಸಿಕೊಳ್ಳಬೇಕು. ಕೈಗೆ ಕೊಟ್ಟು ಕಳಿಸಬಾರದು, ಕಣ್ಣೆದುರೇ ನುಂಗಬೇಕು. ಆಮೇಲೆ ಅವರೂ ಹೆಚ್ಚು ಹೇಳುವ ಸ್ಥಿತಿಯಲ್ಲಿರಲಿಲ್ಲ.

ವಿಷಯ ತಿಳಿದು ಅಣ್ಣ ಅಡುಗೆಮನೆಗೇ ಬಂದ. "ತಲೆ ಕೆಟ್ಟಿದೆಯಾ ನಿನಗೆ? ಸ್ವಂತ ಅಕ್ಕನ್ನ ಕಳಿಸೋಕೆ ಬರಲ್ಲ ಅಂತೀಯಲ್ಲ. ಜನ ಏನಂತಾರೆ?"

"ಅರ್ಜೆಂಟ್ ಹೊಲಿಗೆ ಇತ್ತಂತೆ ಅನ್ನು."

"ತಮಾಷೆ ಮಾಡೋ ಹೊತ್ತಾ ಇದು?"

"ಅಣ್ಣಾ," ಎಂದಳು ತಂಗಿ. "ನಾನು ಅಲ್ಲಿಗೆ ಬಂದ್ರೆ ಅವಳಿಗೆ ಏನು ಸಿಗುತ್ತೆ? ಇಲ್ಲಿ ಕೂತ್ರೆ ಅವಳಿಗೆ ಬೇಕಾಗಿದ್ದು ಒಂದು ಸಿಗಬಹುದು. ನೀನು ಹೋಗು. ನನ್ನ ಪಾಲಿಂದೂ ನೀನೇ ನೋಡು."

ಹೊರಗಿನಿಂದ ವ್ಯಾನಿನವನು ಹಾರನ್ನು ಒಂದು ಸಲ, ಮೆಲ್ಲಗೆ, ಒತ್ತಿದ. ಪೆಟ್ಟಿಗೆಯ ಮುಚ್ಚಳ ತೆಗೆದಾಗ ತಂಗಿ ಅಕ್ಕನ ರವಿಕೆಯ ತೋಳಿನ ಅಂಚಿನಲ್ಲಿ ಇಣುಕುತ್ತಿದ್ದ ಒಂದು ನೂಲನ್ನು ಹಲ್ಲಿನಿಂದ ಕಡಿದು ತೆಗೆದಳು. ಅವಳೇ ಹೊಲಿದದ್ದು ಅದು. ಆಮೇಲೆ ನಾಲ್ಕು ಜನ ಎತ್ತಿದರು.

*

ಎಲ್ಲರೂ ಹೋದ ಮೇಲೆ ಅಂಗಳದಲ್ಲಿ ಬಾಡಿಗೆ ಕುರ್ಚಿಗಳು ಉಳಿದವು. ತಂಗಿ ಹಿತ್ತಲ ಬಾಗಿಲು ದಾಟಿದಳು.

ಕೋಣೆಯಲ್ಲಿ ಅವಳು ಊಹಿಸಿದ್ದಂಥದ್ದು ಏನೂ ಇರಲಿಲ್ಲ. ಒಂದು ಬೆಂಚು, ತೂಕದ ಯಂತ್ರ, ಮುಚ್ಚಿಟ್ಟ ನೀರಿನ ಹೂಜಿ, ಬಾಯಿ ಕಹಿ ಹೋಗಲೆಂದು ಒಂದು ಸೀಸೆಯಲ್ಲಿ ಪೆಪ್ಪರ್‌ಮಿಂಟು. ಬಾಗಿಲಿಲ್ಲದ ಕಿಟಕಿಗಳಿಂದ ಗಾಳಿ ಒಂದೇ ಸಮ ಹರಿಯುತ್ತಿತ್ತು. ಮನೆಯಲ್ಲೆಲ್ಲ ತಂಪಾದ ಜಾಗ ಇದೇ ಆಗಿತ್ತು. ಹೊಲಿಗೆ ಯಂತ್ರದ ಮುಂದೆ ಬೆವರು ಒರೆಸಿಕೊಂಡ ಬೇಸಗೆಗಳು ನೆನಪಾಗಿ ಅವಳಿಗೆ ಅಕ್ಕನ ಮೇಲೆ ಹೊಸದಾಗಿ ಸಿಟ್ಟು ಬಂತು. ಆಮೇಲೆ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತಳು.

ಮುಖ ತೊಳೆದು ಬರುವಷ್ಟರಲ್ಲಿ ಅವನು ಹಿತ್ತಲಲ್ಲಿ ನಿಂತಿದ್ದ. ಸೊಂಟಕ್ಕೆ ಹತಾರದ ಪಟ್ಟಿ, ಕೈಯಲ್ಲಿ ಹೆಲ್ಮೆಟ್ಟು.

"ಕರ್ಕೊಂಡು ಹೋದ್ರಾ?" ಎಂದ ಲೈನ್‌ಮನ್.

"ಹೋದ್ರು. ಇಷ್ಟೊತ್ತಿಗೆ ಎಲ್ಲ ಮುಗೀತಾ ಬಂದಿರುತ್ತೆ."

"ನೀವು ಹೋಗ್ಲಿಲ್ವಾ?"

"ನೀನು ಬಂದಿರಲಿಲ್ಲವಲ್ಲ."

ಅವನು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ನಾನು ಮಾತ್ರೆಗೆ ಬಂದಿಲ್ಲಮ್ಮಾ. ಇನ್ನು ಬರಲ್ಲ ಅಂತ ಹೇಳೋಕೆ ಬಂದೆ. ಯಾರಿಗಾದ್ರೂ ಹೇಳಬೇಕಲ್ಲ."

"ಹೇಳು."

"ನಾಲ್ಕು ತಿಂಗಳು ತಿನ್ನು ಅಂದ್ರು. ತಿಂದೆ. ತಿರುಗಿ ಬಂತು. ಆರು ತಿಂಗಳು ಅಂದ್ರು, ಈಗ ತಿಂತಾ ಇದ್ದೀನಿ. ಕಂಬದ ಮೇಲೆ ಹೊಟ್ಟೆ ತೊಳಸುತ್ತೆ, ಕೈ ಜಾರಿದ್ರೆ ಗತಿ ಏನು? ಈಗ ಹೇಳಿದೋರೇ ಇಲ್ಲ. ಇದಾದ್ರೂ ನಿಜ ಅಂತ ಯಾರನ್ನ ಕೇಳಲಿ?"

"ಅವಳು ಸುಳ್ಳು ಹೇಳಲಿಲ್ಲ. ತಪ್ಪು ಮಾಡಿದಳು."

"ನನಗೆ ಎರಡೂ ಒಂದೇ. ಕೆಮ್ಮಿದ್ದು ನಾನು."

"ಹೌದು," ಎಂದಳು. "ಕೆಮ್ಮಿದ್ದು ನೀನೇ."

ಅವನು ವಾದಕ್ಕೆ ಸಿದ್ಧವಾಗಿ ಬಂದವನು. ಆ ಹೌದು ಕೇಳಿ ಏನು ಮಾಡಬೇಕೆಂದು ತಿಳಿಯದೆ ನಿಂತ. ಅವಳು ಅವನ ಒಣಗಿದ ತುಟಿ ನೋಡುತ್ತಿದ್ದಳು.

"ಬೆಳಿಗ್ಗೆ ಏನು ತಿಂದೆ?"

"ಏನೂ ಇಲ್ಲ."

"ಟೀ?"

"ಇಲ್ಲ."

"ಮಧ್ಯಾಹ್ನ ಆಗ್ತಾ ಬಂತು. ಕೆಲಸಕ್ಕೂ ಹೋಗಿ ಬಂದಿದ್ದೀಯ. ಮಾತ್ರೆ ಬಿಡೋನು ಹೊಟ್ಟೆ ಯಾಕೆ ಖಾಲಿ ಇಟ್ಕೊಂಡು ಬಂದೆ?"

ಅವನು ಕಿಟಕಿಯ ಕಡೆ ತಿರುಗಿದ.

"ನೋಡಪ್ಪಾ," ಎಂದಳು ತಂಗಿ. "ನನಗೆ ಔಷಧಿ ಗೊತ್ತಿಲ್ಲ. ಇದರಿಂದ ನೀನು ಖಂಡಿತ ವಾಸಿ ಆಗ್ತೀಯ ಅಂತ ನಾನು ಹೇಳಿದ್ರೆ ಅದು ಸುಳ್ಳಾಗುತ್ತೆ. ಅವಳನ್ನ ಬಯ್ಯಬೇಕು ಅಂತ ನಿನಗೆ ಇದ್ರೆ ಬಯ್ಯಿ, ನ್ಯಾಯ ಇದೆ. ದಿನಾ ಬಂದು ಬಯ್ಯಿ, ಅವಳ ಪಾಲಿಂದು ನಾನು ಕೇಳಿಸ್ಕೋತೀನಿ. ಗಿರಾಕಿಗಳು ಬಯ್ದು ಬಯ್ದು ನನಗೆ ಅಭ್ಯಾಸ ಇದೆ. ಆದ್ರೆ ಬಯ್ಯೋಕೆ ನೀನು ಇರಬೇಕಲ್ಲ. ನುಂಗಿ ಬಯ್ಯಿ."

ಅವನು ಬಯ್ಯಲಿಲ್ಲ. ಹೆಲ್ಮೆಟ್ಟು ಬೆಂಚಿನ ಮೇಲಿಟ್ಟು ಕೈ ಚಾಚಿದ. ಅವಳು ಪೊಟ್ಟಣ ಬಿಚ್ಚಿ ಅವನ ಅಂಗೈಗೆ ಸುರಿದಳು, ಬಿಳಿಯ ಮಾತ್ರೆಗಳು ಮತ್ತು ಒಂದು ಕೆಂಪು ಕ್ಯಾಪ್ಸೂಲು. ಬಾಯಿಗೆ ಹಾಕಿಕೊಂಡ, ಲೋಟ ಎತ್ತಿದ. ಗಂಟಲ ಗಂಟು ಮೇಲೆ ಕೆಳಗೆ ಆಯಿತು.

"ಆಯ್ತಾ?"

ತಲೆಯಾಡಿಸಿದ.

"ನಾಳೆ ಎಂದಿನ ಹೊತ್ತಿಗೇ ಬಾ. ನಾನೇ ಇರ್ತೀನಿ. ಇವತ್ತಿನ ಹಾಗೆ ಕಾಯಿಸಬೇಡ."

ಅವನು ಹೆಲ್ಮೆಟ್ಟು ಎತ್ತಿಕೊಂಡು ಗೋಡೆಯ ಪಕ್ಕದ ದಾರಿಯಲ್ಲಿ ಹೋದ. ತಂಗಿ ಲೋಟ ತೊಳೆದಳು. ಗೇಟಿನ ಸದ್ದು ಕೇಳಲಿಲ್ಲ. ತಲೆ ಎತ್ತಿದಾಗ ಅವನು ಮತ್ತೆ ಬಾಗಿಲಲ್ಲಿದ್ದ. ತುಟಿ ಬಿಗಿಯಾಗಿ ಮುಚ್ಚಿದ್ದ. ತುಟಿಯ ತುದಿಯಲ್ಲಿ ಇಟ್ಟಿಗೆ ಬಣ್ಣದ ಕೆಂಪು.

"ನೀವು ನೋಡ್ಲಿಲ್ಲ," ಎಂದ ಬಾಯಿ ಪೂರ್ತಿ ತೆರೆಯದೆ.

"ಏನು ನೋಡ್ಲಿಲ್ಲ?"

"ನುಂಗಿದ ಮೇಲೆ ಬಾಯಿ ತೆಗೆಸಿ ನೋಡಬೇಕು. ನಾಲಿಗೆ ಎತ್ತಿಸಬೇಕು. ಡಾಕ್ಟ್ರಮ್ಮ ಒಂದಿನಾನೂ ಬಿಡ್ತಿರಲಿಲ್ಲ." ಬಾಯಿ ತೆರೆದು ನಾಲಿಗೆ ಎತ್ತಿದ. ಅದರ ಕೆಳಗೆ ಕ್ಯಾಪ್ಸೂಲು ಕೂತಿತ್ತು, ನೆನೆದು, ಅರ್ಧ ಕರಗಿ, ಸುತ್ತಲೂ ಕೆಂಪು ಹರಡಿಕೊಂಡು.

ತಂಗಿ ಅದನ್ನು ನೋಡಿದಳು, ಅವನ ಕಣ್ಣನ್ನೂ ನೋಡಿದಳು. ಹೂಜಿಯಿಂದ ನೀರು ಬಗ್ಗಿಸಿದಳು.

"ಒಳ್ಳೇ ಆಸಾಮಿ ನೀನು. ಕುಡಿ."

ಕುಡಿದ. ಕಹಿಗೆ ಮುಖ ಕಿವುಚಿದ, ಇನ್ನೊಂದು ಲೋಟ ಕೇಳಿ ಕುಡಿದ.

"ಈಗ ನೋಡಿ," ಎಂದು ಬೆಂಚಿನ ಮೇಲೆ ಕೂತು ಬಾಯಿ ತೆರೆದ.

ಅವಳು ನಿಂತಲ್ಲಿಂದ ಇಣುಕಿದಳು. ಏನೂ ಕಾಣಲಿಲ್ಲ. ಒಂದು ಹೆಜ್ಜೆ ಮುಂದೆ ಬಂದಳು, ಇನ್ನೊಂದು ಹೆಜ್ಜೆ, ಅವನ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರ. ಅವನು ಸೊಂಟದ ಪಟ್ಟಿಯಿಂದ ಟಾರ್ಚು ತೆಗೆದು ಅವಳ ಕೈಗೆ ಕೊಟ್ಟ. ಕೆಂಪಾದ ನಾಲಿಗೆ. ಬೆಳ್ಳಿ ತುಂಬಿಸಿದ ಒಂದು ಹಲ್ಲು. ಅದರ ಹಿಂದೆ ಗಂಟಲಿನ ಕತ್ತಲು.

"ನಾಲಿಗೆ ಎತ್ತು."

ಎತ್ತಿದ. ಅಲ್ಲಿ ಏನೂ ಇರಲಿಲ್ಲ.

ಒಳಗೆ ಫೋನು ಹೊಡೆದುಕೊಳ್ಳತೊಡಗಿತು. ಅಣ್ಣನದಿರಬೇಕು, ಎಲ್ಲ ಮುಗಿಯಿತು ಎಂದು ಹೇಳಲು. ಅಕ್ಕನನ್ನು ಕೊನೆಯವರೆಗೆ ಕಳಿಸಿ ಬರುವುದು ಅವಳಿಗೆ ತಪ್ಪಿಹೋಯಿತು. ಇವತ್ತಿನ ಮಾತ್ರೆ ತಪ್ಪಲಿಲ್ಲ.

"ಕೆನ್ನೆ ತೋರಿಸು," ಎಂದಳು.

ಅವನು ಬೆರಳಿನಿಂದ ಕೆನ್ನೆಯನ್ನು ಎಳೆದು ಹಿಡಿದು, ಬೆಳಕಿನ ಕಡೆಗೆ ಬಾಯಿ ತಿರುಗಿಸಿದ. ಅವಳು ಇನ್ನಷ್ಟು ಬಗ್ಗಿದಳು.